ಫೋಟೊದ ಬೆನ್ನಿನಿಂದ ಶುರುಮಾಡಿ: ಯಹೂದಿ ಅಜ್ಜಿಯೊಬ್ಬರ ಬದುಕನ್ನು ಹುಡುಕುವ ಕ್ರಮ

ನನ್ನ ಗಂಡನ ಅಜ್ಜಿ ಬಿಟ್ಟುಹೋದದ್ದು ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಅರವತ್ತೊಂದು ಫೋಟೊ, ಕೆಂಪು ಮೊಹರು ಬಿದ್ದ ಒಂದು ಪಾಸ್‌ಪೋರ್ಟ್, ರೆಡ್ ಕ್ರಾಸ್‌ನ ನಾಲ್ಕು ನಮೂನೆಗಳು, ಟೈಪ್ ಮಾಡಿದ ಎರಡು ಹಾಳೆಯ ಒಂದು ಪಟ್ಟಿ. ಅಜ್ಜಿ ಹುಟ್ಟಿದ್ದು 1912ರಲ್ಲಿ, ಆಗಿನ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ. ತೀರಿಕೊಂಡದ್ದು ಇಂಗ್ಲೆಂಡಿನಲ್ಲಿ. ನಡುವಿನದನ್ನು ಅವರು ತಮ್ಮ ಮಗಳಿಗೂ ಹೇಳಲಿಲ್ಲ. ಧಾರವಾಡದ ಮನೆಯ ಪಡಸಾಲೆಯಲ್ಲಿ ನನ್ನ ಸ್ವಂತ ಅಜ್ಜಿಯ ಮದುವೆಯ ಕಥೆಯನ್ನು ನೂರು ಸಲ ಕೇಳಿ ಬೆಳೆದ ನನಗೆ ಈ ಮನೆಯ ಮೌನ ಬಹಳ ಭಾರವೆನಿಸಿತು. ಅತ್ತೆಯವರ ಒಪ್ಪಿಗೆ ಪಡೆದು ಡಬ್ಬಿ ತೆರೆದೆ.

ಮೊದಲ ವಾರವೇ ತಪ್ಪು ಮಾಡಿದೆ. ನೇರವಾಗಿ ನಾಜಿಗಳು ಕೊಂದ ಯಹೂದಿಗಳ ಪಟ್ಟಿಗಳಿಗೆ ಹೋದೆ. ಅಜ್ಜಿಯ ತಂದೆತಾಯಿಯ ಹೆಸರು ಅಲ್ಲಿ ಸಿಕ್ಕಿತು. ಆಮೇಲೆ ಯಾವ ಫೋಟೊ ನೋಡಿದರೂ ಆ ಒಂದು ದಿನಾಂಕವೇ ಕಣ್ಣಿಗೆ ಕಟ್ಟುತ್ತಿತ್ತು. ಬಾಲ್ಕನಿಯಲ್ಲಿ ನಗುತ್ತಿರುವ ಹುಡುಗಿ ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇದು: ಕಾಗದಪತ್ರಗಳಲ್ಲಿ ಹೆಚ್ಚಿನವನ್ನು ಬರೆದವರು ಯಹೂದಿಗಳನ್ನು ಹೊರಗಟ್ಟಲು ಹೊರಟ ಜನ. ಫೋಟೊಗಳನ್ನು ಆರಿಸಿಕೊಂಡವರು ಅಜ್ಜಿ. ಕೈಯಲ್ಲಿ ಹತ್ತು ಮಾರ್ಕ್ ಮಾತ್ರ ಹಿಡಿದು ದೇಶ ಬಿಡಬೇಕಾಗಿದ್ದ ಕಾಲದಲ್ಲಿ ಅರವತ್ತೊಂದು ಚಿತ್ರಗಳಿಗೆ ಪೆಟ್ಟಿಗೆಯಲ್ಲಿ ಜಾಗ ಮಾಡಿದ್ದಾರೆ. ಆ ಆಯ್ಕೆಯನ್ನು ಮೊದಲು ಓದಿ, ಸರ್ಕಾರ ಬರೆದದ್ದು ಆಮೇಲೆ.

ಮುಟ್ಟುವ ಮುನ್ನ

ಡಬ್ಬಿಯಲ್ಲಿ ಇದ್ದ ಕ್ರಮವೇ ಒಂದು ಸಾಕ್ಷಿ. ಯಾವ ಫೋಟೊ ಯಾವುದರ ಜೊತೆ, ಯಾವ ಲಕೋಟೆಯಲ್ಲಿತ್ತು ಎಂಬುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಆಲ್ಬಂ ಇದ್ದರೆ ಮೊದಲು ಇಡೀ ಪುಟವನ್ನು, ಆಮೇಲೆ ಒಂದೊಂದೇ ಚಿತ್ರವನ್ನು ಸ್ಕ್ಯಾನ್ ಮಾಡಿ. ಅಂಟಿಸಿದ ಫೋಟೊವನ್ನು ಕೀಳಲು ಹೋಗಬೇಡಿ. ಹಿಂಬದಿ ನೋಡುವ ಆಸೆ ಎಷ್ಟಿದ್ದರೂ ಕಾಗದ ಸೀಳಿದರೆ ಬರಹವೂ ಹೋಗುತ್ತದೆ. ಕನಿಷ್ಠ 600 ಡಿಪಿಐನಲ್ಲಿ, ಟಿಫ್ ರೂಪದಲ್ಲಿ, ಎರಡೂ ಬದಿ ಸ್ಕ್ಯಾನ್ ಆಗಬೇಕು. ಹಿಂಬದಿ ಖಾಲಿ ಕಂಡರೂ ಬಿಡಬೇಡಿ. ಮಾಸಿದ ಪೆನ್ಸಿಲ್ ಗುರುತು ಪರದೆಯ ಮೇಲೆ ಹಿಗ್ಗಿಸಿದಾಗ ಎದ್ದು ಕಾಣುತ್ತದೆ. ಫೈಲುಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡಿ. 'ಅಜ್ಜಿಯ ತಂಗಿ' ಎಂದು ಹೆಸರಿಟ್ಟ ಫೈಲು ನಾಳೆ ಚಿಕ್ಕಮ್ಮನದಾಗಿ ಬದಲಾದರೆ ಹಳೆಯ ಊಹೆ ಅಲ್ಲೇ ಅಂಟಿಕೊಂಡಿರುತ್ತದೆ.

ಫೋಟೊ ಓದುವುದು

ಮೊದಲು ಆಕಾರ. ದಪ್ಪ ರಟ್ಟಿಗೆ ಅಂಟಿಸಿದ, ಅಂಗೈಯೊಳಗೆ ಕೂರುವ ಚಿಕ್ಕ ಚಿತ್ರಗಳು 19ನೇ ಶತಮಾನದ ಉತ್ತರಾರ್ಧದವು. ಅವು ಅಜ್ಜಿಯ ಅಜ್ಜಿಯ ಕಾಲದವಾಗಿರಬಹುದು. ಅದಕ್ಕಿಂತ ದೊಡ್ಡವು, ಸುಮಾರು 11 ಸೆಂಟಿಮೀಟರ್ ಅಗಲ, 16.5 ಸೆಂಟಿಮೀಟರ್ ಎತ್ತರದವು, 1866ರ ನಂತರ ಬಂದ ಕ್ಯಾಬಿನೆಟ್ ಕಾರ್ಡುಗಳು. ರಟ್ಟಿನ ಕೆಳಗೆ ಸ್ಟುಡಿಯೋದ ಹೆಸರು, ಬೀದಿಯ ವಿಳಾಸ ಅಚ್ಚಾಗಿರುತ್ತದೆ. ಆ ಸ್ಟುಡಿಯೋ ಆ ಬೀದಿಯಲ್ಲಿ ಎಷ್ಟು ವರ್ಷ ಇತ್ತು ಎಂಬುದನ್ನು ನಗರದ ಹಳೆಯ ವಿಳಾಸ ಪುಸ್ತಕಗಳಲ್ಲಿ ವರ್ಷ ವರ್ಷಕ್ಕೆ ನೋಡಿದರೆ ಚಿತ್ರದ ಕಾಲ ಎರಡು ಮೂರು ವರ್ಷಗಳ ಅಂತರಕ್ಕೆ ಇಳಿಯುತ್ತದೆ.

ಆಮೇಲೆ ಕೈಬರಹ. ಹಳೆಯ ಜರ್ಮನ್ ಬರಹವನ್ನು ಇಂದಿನ ಜರ್ಮನರಲ್ಲೇ ಹೆಚ್ಚಿನವರು ಓದಲಾರರು. ಕುರೆಂಟ್ ಎಂಬುದು ಹಿಂದಿನಿಂದ ಬಂದ ಲಿಪಿ. ಅದರ ಸರಳ ರೂಪವಾದ ಸೂಟರ್ಲಿನ್, ಬ್ರೆಸ್ಲಾವ್ ಸೇರಿದ್ದ ಜರ್ಮನ್ ರಾಜ್ಯವಾದ ಪ್ರಷ್ಯದ ಶಾಲೆಗಳಿಗೆ 1915ರಿಂದ ಬಂತು. 1941ರಲ್ಲಿ ಈ ಲಿಪಿಗಳನ್ನು ಶಾಲೆಯಿಂದ ತೆಗೆದುಹಾಕಿದರು. ಅಜ್ಜಿಗೆ ಅಕ್ಷರ ಕಲಿಸಿದ ಕಾಲವನ್ನು ಲಿಪಿಯೇ ಹೇಳುತ್ತದೆ. ಈ ಬರಹದಲ್ಲಿ 'ಇ' (e) ಅಕ್ಷರ 'ಎನ್'ನಂತೆ (n) ಕಾಣುತ್ತದೆ, 'ಯು' (u) ಮೇಲೆ ಒಂದು ಸಣ್ಣ ಕೊಂಕು ಇರುತ್ತದೆ. ಅಂಕಿಗಳಲ್ಲಿ ಎಡವಬೇಡಿ: ಜರ್ಮನ್ ಕೈಯ ಒಂದು ನಮಗೆ ಏಳರಂತೆ ಕಾಣುತ್ತದೆ; ನಿಜವಾದ ಏಳಕ್ಕೆ ನಡುವೆ ಅಡ್ಡಗೆರೆ ಇರುತ್ತದೆ. ತಿಂಗಳನ್ನು ಹಲವರು ರೋಮನ್ ಅಂಕಿಯಲ್ಲಿ ಬರೆಯುತ್ತಿದ್ದರು. ನಾನು ಒಂದು ಹಾಳೆಯ ಮೇಲೆ ಸೂಟರ್ಲಿನ್ ಅಕ್ಷರಮಾಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಮೂರು ವಾರಕ್ಕೆ ಹೆಸರುಗಳನ್ನು ಓದುವಷ್ಟು ಕಣ್ಣು ಪಳಗಿತು.

ಒಂದು ಚಿತ್ರವನ್ನೇ ಹತ್ತಿರದಿಂದ ನೋಡೋಣ. ಬಾಲ್ಕನಿ, ಕಬ್ಬಿಣದ ಕಟಕಟೆ, ಇಬ್ಬರು ಯುವತಿಯರು. ಎಡಗಡೆಯವರು ಅಜ್ಜಿ, ತುಪ್ಪಳದ ಕಾಲರಿನ ಗಾಢ ಬಣ್ಣದ ಕೋಟು, ಮೇಲಿನ ಗುಂಡಿ ಉಳಿದವುಗಳಿಗಿಂತ ದೊಡ್ಡದು. ಬಲಗಡೆಯವರು ಯಾರೋ ತಿಳಿಯದು. ಹಿಂಬದಿಯಲ್ಲಿ ಬರಹವೇ ಇಲ್ಲ. ಬ್ರೆಸ್ಲಾವ್‌ನ ಮನೆಯಿರಬೇಕೆಂದು ನಾವೆಲ್ಲ ನಂಬಿದ್ದೆವು. ಟೈಪ್ ಮಾಡಿದ ಆ ಎರಡು ಹಾಳೆಯ ಪಟ್ಟಿ, ವಲಸೆ ಹೋಗುವವರು ಅಧಿಕಾರಿಗಳಿಗೆ ಕೊಡಬೇಕಾಗಿದ್ದ ಸಾಮಾನುಗಳ ಪಟ್ಟಿಯ ಕಾರ್ಬನ್ ಪ್ರತಿ. ಕರವಸ್ತ್ರ ಎಷ್ಟು, ಕಾಲುಚೀಲ ಎಷ್ಟು ಜೊತೆ, ಚಮಚ ಎಷ್ಟು, ಯಾವುದನ್ನು ಯಾವ ವರ್ಷ ಕೊಂಡದ್ದು, ಎಲ್ಲವನ್ನೂ ಬರೆಯಬೇಕಿತ್ತು. ಅದರಲ್ಲಿ 'ಚಳಿಗಾಲದ ಕೋಟು, ತುಪ್ಪಳದ ಕಾಲರ್, 1' ಎಂದಿದೆ. ಪಕ್ಕದಲ್ಲಿ ಕೊಂಡ ವರ್ಷ 1938. ಅಂದರೆ ಫೋಟೊ ಅದಕ್ಕಿಂತ ಹಿಂದಿನದಲ್ಲ. ಹಾಳೆ ಮತ್ತು ಚಿತ್ರ ಒಂದರ ಕೈಯನ್ನು ಒಂದು ಹಿಡಿದುಕೊಂಡ ಆ ಸಂಜೆ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆ ಕೋಟಿನ ಗುಂಡಿಯನ್ನು ಅವರು ತಮ್ಮ ಬಾಲ್ಯದ ಗುಂಡಿಡಬ್ಬಿಯಲ್ಲಿ ನೋಡಿದ್ದರು.

ಮನೆಯವರನ್ನು ಕೇಳುವಾಗ

ಯುದ್ಧದಲ್ಲಿ ಏನಾಯಿತು ಎಂದು ಕೇಳಬೇಡಿ. ಉತ್ತರ ಬರುವುದಿಲ್ಲ, ಬಂದರೂ ಪುಸ್ತಕದಿಂದ ಬರುತ್ತದೆ. ಒಂದು ಫೋಟೊ ಮುಂದಿಟ್ಟು ಸುಮ್ಮನೆ ಕುಳಿತುಕೊಳ್ಳಿ. ಯಹೂದಿಗಳ ವಾರದ ವಿಶ್ರಾಂತಿದಿನ ಶುರುವಾಗುವ ಶುಕ್ರವಾರ ಸಂಜೆ ಮೇಜಿನ ಮೇಲೆ ಏನಿರುತ್ತಿತ್ತು, ಬ್ರೆಡ್ಡಿನ ಮೇಲೆ ಯಾವ ಬಟ್ಟೆ ಹೊದಿಸುತ್ತಿದ್ದರು, ನಿದ್ದೆ ಬರದ ಮಗುವಿಗೆ ಯಾವ ಭಾಷೆಯಲ್ಲಿ ಲಾಲಿ, ಲೆಕ್ಕ ಮಾಡುವಾಗ ಯಾವ ಭಾಷೆಯಲ್ಲಿ ಎಣಿಸುತ್ತಿದ್ದರು ಎಂದು ಕೇಳಿ. ಅತ್ತೆಯ ನೆನಪಿನಲ್ಲಿ ಅಜ್ಜಿ ಇಂಗ್ಲಿಷಿನಲ್ಲಿ ಮಾತಾಡಿ ಜರ್ಮನ್‌ನಲ್ಲಿ ಎಣಿಸುತ್ತಿದ್ದರು. ಹಿರಿಯರು ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಅವರ ಮೌನದ ಮೇಲೆ ನಮಗೆ ಹಕ್ಕಿಲ್ಲ.

ಹೆಸರೆಂಬ ಗೋಜಲು

ಹೆಣ್ಣಿನ ಜಾಡು ತಪ್ಪುವುದೇ ಇಲ್ಲಿ. ಒಬ್ಬರೇ ಹೆಂಗಸು ಧಾರ್ಮಿಕ ಪತ್ರದಲ್ಲಿ ಹನ್ನಾ, ಜನನ ನೋಂದಣಿಯಲ್ಲಿ ಯೋಹಾನ್ನಾ, ಮನೆಯಲ್ಲಿ ಹನ್ನಿ, ಇಂಗ್ಲೆಂಡಿನಲ್ಲಿ ಆನ್ ಆಗಿರಬಹುದು. ಒಂದು ಹಾಳೆಯಲ್ಲಿ ಎಲ್ಲ ರೂಪಗಳನ್ನೂ ಬರೆದುಕೊಂಡು ಪ್ರತಿಯೊಂದನ್ನೂ ಹುಡುಕಿ. ತವರಿನ ಅಡ್ಡಹೆಸರು, ಮೊದಲ ಗಂಡನ ಹೆಸರು, ಎರಡನೆಯ ಗಂಡನ ಹೆಸರು ಕೂಡ.

ದಾಖಲೆಯಲ್ಲಿ ನಡುವೆ 'ಸಾರಾ' ಎಂದಿದ್ದರೆ ಅದನ್ನು ಅಜ್ಜಿಯ ಹೆಸರೆಂದು ತಿಳಿಯಬೇಡಿ. 1938ರ ಆಗಸ್ಟ್ 17ರ ಆದೇಶದ ಪ್ರಕಾರ, 1939ರ ಜನವರಿ 1ರಿಂದ ಜರ್ಮನಿಯ ಯಹೂದಿ ಹೆಂಗಸರು 'ಸಾರಾ' ಎಂದೂ ಗಂಡಸರು 'ಇಸ್ರೇಲ್' ಎಂದೂ ಹೆಸರಿಗೆ ಸೇರಿಸಿಕೊಳ್ಳಲೇಬೇಕಾಯಿತು. ಆ ಹೆಸರು ಪಾಸ್‌ಪೋರ್ಟಿನ ಬೆನ್ನೇರಿ ಇಂಗ್ಲೆಂಡಿಗೂ ಬಂದು ಅಲ್ಲಿನ ಕಾರ್ಡುಗಳಲ್ಲೂ ಕುಳಿತಿದೆ. ಹುಡುಕುವಾಗ ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹುಡುಕಿ. ವಂಶವೃಕ್ಷ ಬರೆಯುವಾಗ ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಪೂರ್ವ ಯುರೋಪಿನ ಕಡೆಯ ಅಜ್ಜಿಯಾದರೆ ಇನ್ನೊಂದು ಎಚ್ಚರ. ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಗಲಿಶಿಯಾ ಪ್ರಾಂತದಲ್ಲಿ ಅನೇಕ ಯಹೂದಿ ದಂಪತಿಗಳು ಧರ್ಮದ ಪ್ರಕಾರ ಮದುವೆಯಾಗಿ ಸರ್ಕಾರದಲ್ಲಿ ನೋಂದಾಯಿಸುತ್ತಿರಲಿಲ್ಲ. ಮಕ್ಕಳ ದಾಖಲೆಯಲ್ಲಿ ತಾಯಿಯ ಅಡ್ಡಹೆಸರು ಬಂದು 'ಅಕ್ರಮ ಸಂತಾನ' ಎಂಬ ಷರಾ ಬೀಳುತ್ತಿತ್ತು. ಅದನ್ನು ಓದಿ ಕಸಿವಿಸಿಗೊಳ್ಳಬೇಕಾಗಿಲ್ಲ. ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ನೋಂದಣಿ ಪುಸ್ತಕಗಳು 1868ರಿಂದ ರಷ್ಯನ್ ಭಾಷೆಯಲ್ಲಿವೆ. ರಷ್ಯಾದ ಹಳೆಯ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ 19ನೇ ಶತಮಾನದಲ್ಲಿ ಹನ್ನೆರಡು ದಿನ, 20ನೇ ಶತಮಾನದಲ್ಲಿ ಹದಿಮೂರು ದಿನ ಹಿಂದೆ.

ಸಮಾಧಿಯ ಕಲ್ಲು

ಡಬ್ಬಿಯಲ್ಲಿ ಕಲ್ಲೊಂದರ ಫೋಟೊ ಇದ್ದರೆ ಅದು ಜೋಪಾನ. ಆ ಕಲ್ಲೇ ಈಗ ಇಲ್ಲದಿರಬಹುದು. ಮೇಲ್ಗಡೆ 'ಪೇ' ಮತ್ತು 'ನೂನ್' ಎಂಬ ಎರಡು ಹೀಬ್ರೂ ಅಕ್ಷರಗಳಿದ್ದರೆ 'ಇಲ್ಲಿ ಮಲಗಿದ್ದಾರೆ' ಎಂದರ್ಥ. ಹೆಸರಿನ ನಂತರ 'ಬತ್', ಅಂದರೆ 'ಮಗಳು', ಅದರ ಮುಂದೆ ತಂದೆಯ ಹೆಸರು. ಒಂದೇ ಕಲ್ಲಿನಿಂದ ಇನ್ನೊಂದು ತಲೆಮಾರು ಕೈಗೆ ಸಿಗುತ್ತದೆ.

ವರ್ಷವನ್ನು ಅಕ್ಷರಗಳಲ್ಲೇ ಕೆತ್ತಿರುತ್ತಾರೆ. ಕಟಪಯಾದಿ ಗೊತ್ತಿರುವ ನಮಗೆ ಇದು ಹೊಸದೇನಲ್ಲ: ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇದೆ. ನಮ್ಮ ಫೋಟೊದಲ್ಲಿ ತಾವ್, ರೇಶ್, ಪೇ, ವಾವ್ ಎಂದಿತ್ತು. 400, 200, 80, 6, ಕೂಡಿದರೆ 686. ಸಾವಿರದ ಸ್ಥಾನದ ಐದನ್ನು ಬಿಟ್ಟು ಬರೆಯುವುದು ರೂಢಿ, ಆದ್ದರಿಂದ ವರ್ಷ 5686. ಸಣ್ಣ ಸಂಖ್ಯೆಗೆ 1240 ಸೇರಿಸಿ: 1926. ಅವರ ಹೊಸ ವರ್ಷ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಹುಟ್ಟುವುದರಿಂದ, ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನವಾದರೆ ಒಂದು ಕಳೆಯಬೇಕು. ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಸಂಜೆಯ ನಂತರ ತೀರಿಕೊಂಡವರ ತಾರೀಖು ಕಲ್ಲಿನಲ್ಲಿ ಒಂದು ದಿನ ಮುಂದಿರುತ್ತದೆ.

ಅಷ್ಕೆನಾಜಿ ಯಹೂದಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನವರು, ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಡುತ್ತಾರೆ, ಬದುಕಿರುವವರದನ್ನು ಇಡುವುದಿಲ್ಲ. ನಮ್ಮ ಫೋಟೊದ ಕಲ್ಲಿನಲ್ಲಿದ್ದದ್ದೂ ಅಜ್ಜಿಯ ಹೆಸರೇ, ಆದರೆ 1912ರಲ್ಲಿ ಹುಟ್ಟಿದ ಅಜ್ಜಿಗೆ 1926ರಲ್ಲಿ ಸತ್ತವರ ಹೆಸರು ಬಂದಿರಲಾರದು. ಹಾಗಾದರೆ ಆ ಹೆಸರಿನ ಇನ್ನೊಬ್ಬ ಹಿರಿಯಳು 1912ಕ್ಕೆ ಮೊದಲೇ ತೀರಿಕೊಂಡಿರಬೇಕು. ಹೆಸರಿನ ಈ ಪದ್ಧತಿ ಹಿಡಿದು ನಾವು ಅಜ್ಜಿಯ ಸೋದರತ್ತೆಯೊಬ್ಬರನ್ನು ಪತ್ತೆಹಚ್ಚಿದೆವು.

ಜನನದ ದಾಖಲೆ

ಪ್ರಷ್ಯದಲ್ಲಿ ನಾಗರಿಕ ನೋಂದಣಿ 1874ರ ಅಕ್ಟೋಬರಿನಿಂದ, ಇಡೀ ಜರ್ಮನಿಯಲ್ಲಿ 1876ರ ಜನವರಿಯಿಂದ ನಡೆಯಿತು. ಇಂದಿನ ಜರ್ಮನಿಯಲ್ಲಿ ಜನನದ ದಾಖಲೆ 110 ವರ್ಷ, ಮದುವೆಯದು 80, ಮರಣದ್ದು 30 ವರ್ಷ ಕಳೆದ ಮೇಲೆ ಪತ್ರಾಗಾರಕ್ಕೆ ಹೋಗಿ ಎಲ್ಲರಿಗೂ ಸಿಗುತ್ತದೆ. ಅದಕ್ಕೂ ಮೊದಲು ಬೇಕಾದರೆ ನೇರ ವಂಶಸ್ಥರು ಸಂಬಂಧ ತೋರಿಸಿ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. ಬ್ರೆಸ್ಲಾವ್ 1945ರ ನಂತರ ಪೋಲೆಂಡಿನ ವ್ರೊಟ್ಸ್ವಾಫ್ ಆದ್ದರಿಂದ ಅಲ್ಲಿನ ನಿಯಮವೇ ನಮಗೆ ಲಾಗು: ಜನನಕ್ಕೆ 100 ವರ್ಷ, ಮದುವೆ ಮತ್ತು ಮರಣಕ್ಕೆ 80. ಬೀದಿಗಳ ಹೆಸರೂ ಬದಲಾಗಿವೆ, ಹಳೆಯ ನಕ್ಷೆ ಪಕ್ಕದಲ್ಲಿಟ್ಟುಕೊಳ್ಳದೆ ಹೆಜ್ಜೆ ಇಡಬೇಡಿ. ಆಸ್ಟ್ರಿಯಾದಲ್ಲಿ 1938ರವರೆಗೆ ಯಹೂದಿ ಸಮುದಾಯವೇ ಈ ಪುಸ್ತಕಗಳನ್ನು ಬರೆಯುತ್ತಿತ್ತು. ವಿಯೆನ್ನಾದ ಅಜ್ಜಿಗಾಗಿ ಅಲ್ಲಿನ ಸಮುದಾಯದ ಕಚೇರಿಗೇ ಬರೆಯಬೇಕು.

ಪುಟ ಸಿಕ್ಕಾಗ ಅವಸರ ಮಾಡಬೇಡಿ. ಹುಟ್ಟಿದ ಗಂಟೆ, ಮನೆಯ ವಿಳಾಸ, ತಂದೆಯ ಕಸುಬು, ತಾಯಿಯ ತವರು ಹೆಸರು, ಧರ್ಮದ ಜಾಗದಲ್ಲಿ 'ಮೋಸೆಯ ಧರ್ಮ' (ಅಂದರೆ ಯಹೂದಿ ಧರ್ಮ) ಎಂಬ ಮಾತು, ಕೊನೆಗೆ ಮಗುವಿನ ಜನನ ತಿಳಿಸಿದವರ ಸಹಿ. ನಮ್ಮ ಪುಟದಲ್ಲಿ ಸಹಿ ಹಾಕಿದವರು ತಂದೆ. ಆ ಸಹಿಯ ಮೊದಲಕ್ಷರದ ಉದ್ದನೆಯ ಬಾಲ, ಡಬ್ಬಿಯ ಏಳು ಫೋಟೊಗಳ ಹಿಂಬದಿಯಲ್ಲೂ ಇತ್ತು. ಆ ಏಳು ಚಿತ್ರ ತೆಗೆದವರು, ಇಲ್ಲವೇ ಅವುಗಳ ಮೇಲೆ ಬರೆದವರು ತಂದೆಯೇ ಎಂದು ತಿಳಿದದ್ದು ಹೀಗೆ. ಒಂದು ಎಚ್ಚರಿಕೆ: ಇಂಥ ಪುಸ್ತಕಗಳಿಗೆ ನಕಲು ಪ್ರತಿಯೂ ಇರುತ್ತಿತ್ತು, ಅದರಲ್ಲಿ ಅಸಲಿ ಸಹಿ ಇರುವುದಿಲ್ಲ. ಮೂಲ ಪುಸ್ತಕವೇ ಬೇಕೆಂದು ಕೇಳಿ. ಅಂಚಿನಲ್ಲಿ ಸಣ್ಣದಾಗಿ 1939ರ ಟಿಪ್ಪಣಿ: 'ಸಾರಾ' ಎಂಬ ಹೆಸರನ್ನು ಹೆಚ್ಚುವರಿಯಾಗಿ ಸ್ವೀಕರಿಸಲಾಗಿದೆ. ತಂದೆಯ ಸಹಿಯ ಮಗ್ಗುಲಲ್ಲೇ ಅದನ್ನು ಬರೆದಿದ್ದಾರೆ.

ದೇಶ ಬಿಟ್ಟ ಮೇಲೆ

ಪಾಸ್‌ಪೋರ್ಟಿನ ಕೆಂಪು ಮೊಹರು ಜರ್ಮನ್ ಭಾಷೆಯಲ್ಲಿ ಯಹೂದಿ ಎಂಬ ಪದದ ಮೊದಲಕ್ಷರ. 1938ರ ಅಕ್ಟೋಬರ್ 5ರಂದು ಯಹೂದಿಗಳ ಪಾಸ್‌ಪೋರ್ಟುಗಳನ್ನು ರದ್ದುಗೊಳಿಸಿ, ಈ ಮೊಹರು ಒತ್ತಿದ ಮೇಲಷ್ಟೇ ಚಲಾವಣೆಗೆ ಬಿಟ್ಟರು. ಪಾಸ್‌ಪೋರ್ಟಿನಲ್ಲಿ ಅಜ್ಜಿಯ ಮುಖಕ್ಕಿಂತ ವೀಸಾ ಪುಟಗಳನ್ನು ನಿಧಾನವಾಗಿ ನೋಡಿ: ಯಾವ ದೂತಾವಾಸ, ಯಾವ ಗಡಿ, ಯಾವ ಬಂದರು, ಯಾವ ಷರತ್ತು. ನಮ್ಮ ಅಜ್ಜಿಯದರಲ್ಲಿ ಮನೆಗೆಲಸಕ್ಕೆ ಮಾತ್ರ ಎಂಬ ಷರತ್ತಿತ್ತು. ಸುಮಾರು ಇಪ್ಪತ್ತು ಸಾವಿರ ಯಹೂದಿ ಹೆಂಗಸರು ಹೀಗೆ ಬ್ರಿಟನ್ನಿನ ಮನೆಗಳ ಅಡುಗೆಮನೆಗೆ ಬಂದು ಜೀವ ಉಳಿಸಿಕೊಂಡರು.

ಬ್ರಿಟನ್ನಿಗೆ ಬಂದವರಿಗಾಗಿ ಎರಡು ದಾಖಲೆ ಮುಖ್ಯ. ಒಂದು, 1939ರ ಸೆಪ್ಟೆಂಬರ್ 29ರ ರಾಷ್ಟ್ರೀಯ ನೋಂದಣಿ. ಹೆಸರು, ಹುಟ್ಟಿದ ದಿನ, ಕಸುಬು, ಯಾವ ಮನೆಯಲ್ಲಿ ಯಾರ ಜೊತೆ ಎಂಬುದೆಲ್ಲ ಇದೆ. ಈ ಪುಸ್ತಕವನ್ನು ಆರೋಗ್ಯ ಇಲಾಖೆ ದಶಕಗಟ್ಟಲೆ ಬಳಸಿತು, ಮದುವೆಯಾದ ಹೆಣ್ಣುಮಕ್ಕಳ ಹಳೆಯ ಹೆಸರು ಹೊಡೆದು ಹೊಸದನ್ನು ಮೇಲೆ ಬರೆಯಿತು. ತವರು ಹೆಸರಿನಿಂದ ಗಂಡನ ಹೆಸರಿಗೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆಯನ್ನು ನಾನು ಕಂಡಿಲ್ಲ. ಎರಡು, ಯುದ್ಧ ಶುರುವಾದ ಮೇಲೆ ಶತ್ರುದೇಶದವರ ವಿಚಾರಣೆ ನಡೆಸಿದ ನ್ಯಾಯಮಂಡಳಿಯ ಕಾರ್ಡುಗಳು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರಲ್ಲಿ ಎರಡು ಸಾಲು ಒಂದರ ಕೆಳಗೊಂದು: ರೂಢಿಯ ಕಸುಬು, ಈಗಿನ ಕಸುಬು. ಅಜ್ಜಿಯದರಲ್ಲಿ ಮೇಲಿನ ಸಾಲು ಗ್ರಂಥಪಾಲಕಿ, ಕೆಳಗಿನದು ಮನೆಗೆಲಸ. ಸ್ವದೇಶಕ್ಕೆ ಮರಳಲು ಇಚ್ಛೆಯಿದೆಯೇ ಎಂಬ ಪ್ರಶ್ನೆಯ ಮುಂದೆ ಒಂದೇ ಪದ: ಇಲ್ಲ. ಆ ಗ್ರಂಥಪಾಲಕಿಯನ್ನು ಮನೆಯಲ್ಲಿ ಯಾರೂ ಅರಿತಿರಲಿಲ್ಲ.

ಬ್ರಿಟನ್ನಿನ ಮದುವೆ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿಗಾಗಿ ತಡಕಾಡಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ ತಿಂಗಳವರೆಗೆ ತಂದೆಯ ಹೆಸರನ್ನಷ್ಟೇ ಬರೆಯುತ್ತಿದ್ದರು. ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಮದುವೆ ನಡೆದಿದ್ದರೆ ಕೆತುಬಾ ಎಂಬ ವಿವಾಹ ಪತ್ರ ಮನೆಯಲ್ಲಿರಬಹುದು. ಅರಮಾಯಿಕ್ ಭಾಷೆಯದು, ವಧೂವರರ ಹೀಬ್ರೂ ಹೆಸರುಗಳು ಅದರಲ್ಲಿರುತ್ತವೆ. ನಿರಾಶ್ರಿತರ ಸಂಘಗಳ ಕಡತಗಳಿಗಾಗಿ ವರ್ಲ್ಡ್ ಜ್ಯೂಯಿಶ್ ರಿಲೀಫ್ ಸಂಸ್ಥೆಗೆ ಬರೆಯಬಹುದು.

ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದರೆ ಆ ಕಡತವನ್ನು ಎಷ್ಟೇ ಕಷ್ಟವಾದರೂ ತರಿಸಿ. 1956ರ ಪರಿಹಾರ ಕಾನೂನಿನ ಅಡಿಯಲ್ಲಿ ಅರ್ಜಿದಾರರು ತಮ್ಮ ಓದು, ಕೆಲಸ, ಕಳೆದುಕೊಂಡದ್ದು ಎಲ್ಲವನ್ನೂ ಹೇಳಬೇಕಿತ್ತು. ಎಷ್ಟೋ ಅಜ್ಜಿಯರು ತಮ್ಮ ಕಥೆಯನ್ನು ತಾವೇ ಬರೆದದ್ದು ಬದುಕಿನಲ್ಲಿ ಅದೊಂದೇ ಸಲ. ಕೊನೆಯದಾಗಿ ವಾಸವಿದ್ದ ರಾಜ್ಯದ ಪರಿಹಾರ ಕಚೇರಿ ಅಥವಾ ಪತ್ರಾಗಾರದಿಂದ ವಿಚಾರಣೆ ಶುರುಮಾಡಿ.

ಭಾರತಕ್ಕೆ ಬಂದವರೂ ಇದ್ದಾರೆ. ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಒಟ್ಟೊ ಕೊನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಅದೇ ವರ್ಷ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಇಲ್ಲಿನ ಜರ್ಮನ್ ಯಹೂದಿಗಳನ್ನೂ ಶತ್ರುದೇಶದವರೆಂದೇ ಎಣಿಸಿ ಹಲವರನ್ನು ಅಹ್ಮದ್‌ನಗರದಂಥ ಶಿಬಿರಗಳಲ್ಲಿ ಇರಿಸಿತು. ಅಂಥ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಹುಡುಕಿ. ಬೆಂಗಳೂರಿನಲ್ಲಿ ಯಹೂದಿಗಳ ಸಮಾಧಿಭೂಮಿಯೂ ಇದೆ, ಅದರ ಕಲ್ಲುಗಳನ್ನೂ ಮೇಲೆ ಹೇಳಿದ ಹಾಗೆಯೇ ಓದಬಹುದು.

ಕೊನೆಗೆ ಪಟ್ಟಿಗಳು

ಇಷ್ಟೆಲ್ಲ ಆದ ಮೇಲೆ, ಮನೆಯಲ್ಲಿ ಯಾರಾದರೂ ಜೊತೆಗಿರುವಾಗ, ಈ ಹೆಜ್ಜೆ ಇಡಿ. ಜೆರುಸಲೇಮಿನ ಯಾದ್ ವಾಶೆಮ್‌ನ ಹೆಸರುಗಳ ಭಂಡಾರ, ಜರ್ಮನಿಯ ಬಾಡ್ ಆರೋಲ್ಸೆನ್‌ನಲ್ಲಿರುವ ಆರೋಲ್ಸೆನ್ ಪತ್ರಾಗಾರ, ಜರ್ಮನ್ ಸರ್ಕಾರದ ಬುಂಡೆಸ್‌ಆರ್ಕಿವ್‌ನ ಸ್ಮರಣಗ್ರಂಥ. ಮೂರನ್ನೂ ಮನೆಯಿಂದಲೇ ಉಚಿತವಾಗಿ ಹುಡುಕಬಹುದು. ಯಾದ್ ವಾಶೆಮ್‌ನ ಸಾಕ್ಷ್ಯಪತ್ರಗಳಲ್ಲಿ ಸತ್ತವರ ಹೆಸರಷ್ಟೇ ಅಲ್ಲ, ಅದನ್ನು ತುಂಬಿದ ಬಂಧುವಿನ ಹೆಸರನ್ನೂ ನೋಡಿ. ಬದುಕುಳಿದ ಕವಲು ಎಲ್ಲಿದೆಯೆಂದು ಗೊತ್ತಾಗುವುದು ಅದರಿಂದ. ಬ್ರಿಟನ್ನಿನಲ್ಲಿರುವವರಿಗೆ ಲಂಡನ್ನಿನ ವೀನರ್ ಗ್ರಂಥಾಲಯ ಆರೋಲ್ಸೆನ್ ದಾಖಲೆಗಳಲ್ಲಿ ಹುಡುಕಿಕೊಡುತ್ತದೆ.

ರೆಡ್ ಕ್ರಾಸ್ ನಮೂನೆಗಳು ಇಲ್ಲಿ ದಾರಿ ತೋರಿಸುತ್ತವೆ. ಯುದ್ಧದ ಕಾಲದಲ್ಲಿ ಶತ್ರುದೇಶಗಳ ನಡುವೆ ಬಂಧುಗಳು ಜಿನೀವಾದ ಮೂಲಕ ಕಳಿಸಬಹುದಾಗಿದ್ದದ್ದು ಹೆಚ್ಚೆಂದರೆ ಇಪ್ಪತ್ತೈದು ಪದ. ಉತ್ತರವನ್ನು ಹಿಂಬದಿಯಲ್ಲೇ ಬರೆಯಬೇಕು. ಮೊಹರುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಕೊನೆಯ ಉತ್ತರ ಬಂದದ್ದು ಯಾವಾಗ ಎಂದು ಗುರುತಿಸಿ. ನಮ್ಮ ನಾಲ್ಕರಲ್ಲಿ ಮೂರಕ್ಕೆ ಉತ್ತರವಿದೆ, ಅದೇ ಉದ್ದ ಬಾಲದ ಅಕ್ಷರ. ನಾಲ್ಕನೆಯದರ ಹಿಂಬದಿ ಖಾಲಿ. 1941ರ ನವೆಂಬರ್ 25ರಂದು ಬ್ರೆಸ್ಲಾವ್‌ನಿಂದ ಸುಮಾರು ಸಾವಿರ ಯಹೂದಿಗಳನ್ನು ಹೊತ್ತ ರೈಲು ಲಿಥುವೇನಿಯದ ಕೌನಾಸ್‌ಗೆ ಹೊರಟಿತು. ನವೆಂಬರ್ 29ರಂದು ಅಲ್ಲಿನ ಒಂಬತ್ತನೇ ಕೋಟೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಈ ಸಲ ಅದನ್ನು ಓದುವಾಗ ನನಗೆ ಆ ತಂದೆಯ ಕೈಬರಹ ಗೊತ್ತಿತ್ತು, ಅವರು ಮಗಳ ಫೋಟೊಗಳ ಹಿಂದೆ ಬರೆದದ್ದು ಗೊತ್ತಿತ್ತು.

ಬರೆದಿಡುವುದು

ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ದಾಖಲೆ, ಮನೆಯ ಮಾತು, ಇಲ್ಲವೇ ನಿಮ್ಮ ಊಹೆ. ಮೂರಕ್ಕೂ ಬೇರೆ ಬೇರೆ ಬಣ್ಣ ಇಟ್ಟರೂ ಸರಿ, ಬೆರಸಬೇಡಿ. ಫೋಟೊಗಳ ಹಿಂಬದಿಯಲ್ಲಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಮಾತ್ರ, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನು ಮುಂಬದಿಯವರೆಗೂ ಮೂಡುತ್ತದೆ.

ಬಾಲ್ಕನಿಯ ಚಿತ್ರಕ್ಕೆ ಕಳೆದ ಚಳಿಗಾಲ ಮತ್ತೆ ಮರಳಿದೆವು. 1939ರ ನೋಂದಣಿಯಲ್ಲಿ ಅಜ್ಜಿಯ ಸಾಲಿನ ಕೆಳಗೇ, ಅದೇ ಮನೆಯಲ್ಲಿ, ಮನೆಗೆಲಸ ಎಂದೇ ಬರೆದ ಇನ್ನೊಬ್ಬ ಯುವತಿಯ ಹೆಸರಿದೆ. ಅಜ್ಜಿಗಿಂತ ಎರಡು ವರ್ಷ ಚಿಕ್ಕವರು. ಆ ಕಬ್ಬಿಣದ ಕಟಕಟೆ ಬ್ರೆಸ್ಲಾವ್‌ನದ್ದೇ ಅಲ್ಲ. ಆ ವಿಳಾಸದ ಮನೆಗೆ ಈಗಲೂ ಅಂಥದೇ ಕಟಕಟೆ ಇದೆ, ನಾವು ಹೋಗಿ ರಸ್ತೆಯ ಈಚೆಯಿಂದ ನೋಡಿ ಬಂದೆವು. ಅತ್ತೆ ಫೋಟೊ ತಿರುಗಿಸಿ ಬಲಗಡೆಯ ಅಂಚಿನಲ್ಲಿ ಆ ಹೆಸರನ್ನು ಪೆನ್ಸಿಲಿನಿಂದ ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.